ಮೂರನೇ ಕಂಬದ ಮಾತು

ಆ ಆಷಾಢದಲ್ಲಿ ಮಂಜಮ್ಮನ ಕೆಲಸ ಆಕಾಶ ನೋಡುವುದು. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಕುದಾಪುರದ ಹುಲ್ಲಿನ ಕಾವಲಿನ ಪೂರ್ವದ ಅಂಚಿನಲ್ಲಿ, ಕೆಂಪು ಬಾವುಟ ಕಟ್ಟಿದ ಮೂರನೇ ಕಬ್ಬಿಣದ ಕಂಬದ ಬುಡದಲ್ಲಿ ನಿಲ್ಲಬೇಕು. ಹಾರುವುದು ಏನು ಕಂಡರೂ ವಾಕಿಟಾಕಿಯಲ್ಲಿ ಹೇಳಬೇಕು. ಹೀಗೂ ಒಂದು ಕೆಲಸ ಇರುತ್ತದೆಂದು ಊರಿನಲ್ಲಿ ಯಾರೂ ನಂಬಿರಲಿಲ್ಲ.

“ಮುಗಿಲು ನೋಡಾಕೆ ಸಂಬಳ ಕೊಡ್ತಾರೇನೇ?” ಎಂದು ಅತ್ತೆ ಚಿಕ್ಕಕ್ಕ ಮೊದಲ ದಿನವೇ ಕೇಳಿದ್ದಳು. “ನಮ್ಮ ಹುಂಜನೂ ನೀರು ಕುಡಿಯೋವಾಗೆಲ್ಲ ಮ್ಯಾಲೆ ನೋಡ್ತೈತೆ. ಅದನ್ನೂ ಕರ್ಕೊಂಡೋಗು, ಹೆಸರು ಬರ್ಸು.”

“ಅದು ಕಂಡಿದ್ದನ್ನ ಬಾಯಿಬಿಟ್ಟು ಹೇಳ್ಬೇಕಲ್ಲ ಅತ್ತೆ. ಬರೀ ಕೂಗಿದ್ರೆ ಆಗಲ್ಲ” ಎಂದು ಮಂಜಮ್ಮ ನಕ್ಕಿದ್ದಳು.

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಸಂಶೋಧನಾ ತಂಡ ಒಂದು ವರ್ಷದ ಅನುಮತಿ ಪಡೆದು ಕಾವಲಿನಲ್ಲಿ ಡೇರೆ ಹಾಕಿತ್ತು. ಮಣ್ಣು ಗಟ್ಟಿಮಾಡಿ ಉದ್ದದ ಓಡುದಾರಿ ಮಾಡಿಕೊಂಡಿತ್ತು. ಅವರು ತಂದದ್ದು ಪೈಲಟ್ ಇಲ್ಲದ ವಿಮಾನ. ರೆಕ್ಕೆ ಚಾಚಿದರೆ ಎತ್ತಿನಗಾಡಿಯಷ್ಟು ಅಗಲ, ಹಿಂಬದಿಯಲ್ಲಿ ಎಂಜಿನ್ನು, ಮೂತಿಯಲ್ಲಿ ಕ್ಯಾಮೆರಾ. ಸುತ್ತಲಿನ ಹಳ್ಳಿಗಳಲ್ಲಿ ಅದಕ್ಕೆ ‘ಆಳಿಲ್ಲದ್ದು’ ಎಂದೇ ಹೆಸರಾಯಿತು.

ತಂಡದ ಮುಖ್ಯಸ್ಥ ಸಂಗಮೇಶ್ ಚಳ್ಳಕೆರೆಯವನೇ, ಎಣ್ಣೆ ಮಿಲ್ಲಿನವರ ಮಗ. ಕಾವಲಿನ ನಾಲ್ಕು ಅಂಚಿನ ಕಂಬಗಳಿಗೆ ನಾಲ್ಕು ಜನ ಹೆಂಗಸರನ್ನು ಆರಿಸಿಕೊಂಡ ದಿನ ಅವನು ಅವರನ್ನು ಡೇರೆಯಲ್ಲಿ ಕೂರಿಸಿ ಹೇಳಿದ್ದ: “ಇದನ್ನ ಹಾರಿಸೋದು ದೊಡ್ಡ ಕೆಲಸ ಅಲ್ಲ. ಖಾಲಿ ಆಕಾಶದಲ್ಲಿ ಯಾರು ಬೇಕಾದ್ರೂ ಹಾರಿಸ್ತಾರೆ. ಆದರೆ ಸೋಮವಾರದ ಸಂತೇಲಿ ಯಾರಿಗೂ ಭುಜ ತಾಗಿಸದಂಗೆ ನಡೀಬೇಕಲ್ಲ, ಅದು ಕಷ್ಟ. ಜನ ಕೂತಿರೋ ವಿಮಾನ ಎದುರಿಗೆ ಬಂದ್ರೆ ಇದು ತಾನೇ ನೋಡಿ, ತಾನೇ ದಾರಿ ಬಿಡಬೇಕು. ನಾವು ಕಲಿಸ್ತಿರೋದು ಅದನ್ನೇ.”

“ಹೆಂಗೆ ಬಿಡ್ತೈತೆ ಸಾರ್?” ಎಂದು ಮಂಜಮ್ಮ ಕೇಳಿದ್ದಳು.

ಯಂತ್ರದ ಪರದೆ ನೋಡಿಕೊಳ್ಳುವ ಎಂಜಿನಿಯರ್ ಹುಡುಗಿ ಐಶ್ವರ್ಯ ಉತ್ತರ ಕೊಟ್ಟಳು: “ಬಲಕ್ಕೆ ಹೊರಳುತ್ತೆ. ಆಕಾಶದಲ್ಲಿ ಎದುರುಬದುರಾದರೆ ಬಲಕ್ಕೇ ಹೊರಳಬೇಕು, ಅದು ನಿಯಮ.”

“ರೋಡಲ್ಲಿ ಎಡಕ್ಕೆ, ಮುಗಿಲಲ್ಲಿ ಬಲಕ್ಕಾ? ನಮ್ಮ ಚಳ್ಳಕೆರೆ ಬಸ್ ಡ್ರೈವರ್ರು ಮ್ಯಾಲೆ ಹೋದ್ರೆ ಕಷ್ಟ ಐತೆ ಬಿಡಮ್ಮ.”

ಎಲ್ಲರೂ ನಕ್ಕರು. ಆಮೇಲೆ ಸಂಗಮೇಶ್ ಬೋರ್ಡಿನ ಮೇಲೆ ಇನ್ನೊಂದು ನಿಯಮ ಬರೆದ. ನಾಲ್ಕು ಕಂಬಗಳಲ್ಲಿ ಯಾರೇ ‘ನಿಲ್ಸಿ’ ಅಂದರೂ ವಿಮಾನ ವಾಪಸ್ ಬರಬೇಕು. ಅದು ನೆಲ ಮುಟ್ಟುವವರೆಗೆ ಯಾಕೆ ಎಂದು ಯಾರೂ ಕೇಳಬಾರದು.

ಮಂಜಮ್ಮನಿಗೆ ಈ ಕೆಲಸ ಬೇಕಾಗಿತ್ತು. ಅದಕ್ಕೆ ಮುಂಚೆ ಅವಳು ಚಳ್ಳಕೆರೆಯ ಮಿಲ್ಲೊಂದರಲ್ಲಿ ಶೇಂಗಾ ಆರಿಸಲು ಹೋಗುತ್ತಿದ್ದಳು. ಬೆಳಿಗ್ಗೆ ಐದೂವರೆಯ ಟೆಂಪೊ, ರಾತ್ರಿ ಏಳೂವರೆಗೆ ಮನೆ. ಅಡುಗೆ, ನೀರು, ಚಿಕ್ಕ ತಮ್ಮನ ಜವಾಬ್ದಾರಿ ಎಲ್ಲ ಮಗಳು ಸರಿತಾಳ ತಲೆಗೆ. ವಾರದಲ್ಲಿ ಎರಡು ದಿನ ಶಾಲೆ ತಪ್ಪುತ್ತಿತ್ತು. ಈಗ ಸರಿತಾ ಎಸ್ಸೆಸ್ಸೆಲ್ಸಿ. ಎರಡೂವರೆಗೆ ಅವ್ವ ಮನೆಯಲ್ಲಿರುತ್ತಾಳೆ. ಜೂನಿನಿಂದ ಒಂದು ದಿನವೂ ಶಾಲೆ ತಪ್ಪಿರಲಿಲ್ಲ. ಕಾಲು ನೋಯುತ್ತಿದ್ದವು, ಕತ್ತು ಹಿಡಿದುಕೊಳ್ಳುತ್ತಿತ್ತು, ಬಿಸಿಲಿಗೆ ಕಣ್ಣು ಉರಿಯುತ್ತಿತ್ತು. ಆದರೂ ಹಾಜರಿ ಪುಸ್ತಕದಲ್ಲಿ ಮಗಳ ಹೆಸರಿನ ಮುಂದೆ ಸಾಲಾಗಿ ಬಿದ್ದ ಗುರುತುಗಳನ್ನು ಮೇಷ್ಟ್ರು ತೋರಿಸಿದಾಗ, ಈ ಕೆಲಸ ಬಿಡಬಾರದು ಎಂದು ಅವಳು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು.

ಆ ಗಂಟು ಈಗ ಸಡಿಲವಾಗುವಂತಿತ್ತು. ಅವಳು ಅದುವರೆಗೆ ಎರಡು ಸಲ ವಿಮಾನ ನಿಲ್ಲಿಸಿದ್ದಳು. ಒಮ್ಮೆ ಸುಂಟರಗಾಳಿ ನೋಡಿ, ಇನ್ನೊಮ್ಮೆ ಕೊಕ್ಕರೆ ಹಿಂಡು ನೋಡಿ. ಎರಡು ಸಲವೂ ವರದಿಯಲ್ಲಿ ‘ಅಗತ್ಯವಿರಲಿಲ್ಲ’ ಎಂದು ಬಿತ್ತು. ಕೊನೆಯ ದೊಡ್ಡ ಪರೀಕ್ಷೆಯ ಹಿಂದಿನ ದಿನ ಸಂಗಮೇಶ್ ಜೀಪಿನಲ್ಲಿ ಕಂಬದ ಹತ್ತಿರ ಬಂದ.

“ನಾಳೆ ದೆಹಲಿಯಿಂದ ಸಮಿತಿ ಬರ್ತಿದೆ, ಮಂಜಮ್ಮ. ಪೈಲಟ್ ಇರೋ ನಿಜವಾದ ವಿಮಾನ ಎದುರಿಗೆ ಬಿಟ್ಟು ಪರೀಕ್ಷೆ ಮಾಡ್ತೀವಿ. ಸಮಿತಿ ಅಧ್ಯಕ್ಷರು ಜಗದಾಂಬ ಮೇಡಂ ಅಂತ, ದಾವಣಗೆರೆ ಕಡೆಯವರು. ಕಂಬದವರನ್ನ ತೆಗೆದುಬಿಡಿ ಅಂತ ಆಗಲೇ ಪತ್ರ ಬರೆದಿದ್ದಾರೆ. ಆಳಿಲ್ಲದ ವಿಮಾನಕ್ಕೆ ಕೆಳಗೆ ನಾಲ್ಕು ಆಳು ಯಾಕೆ ಅಂತ ಅವರ ಪ್ರಶ್ನೆ.”

“ನೀವೇನಂದ್ರಿ?”

“ಬೇಕು ಅಂದೆ. ಆದರೆ ಇನ್ನೊಂದು ಸಲ ನೀವು ಸುಮ್ಮಸುಮ್ಮನೆ ನಿಲ್ಲಿಸಿದ್ರೆ, ಹೇಳೋಕೆ ನನ್ನ ಹತ್ರ ಮಾತು ಉಳಿಯಲ್ಲ. ನೀವು ಹೋಗ್ತೀರಿ, ನಾಲ್ಕೂ ಕಂಬ ಹೋಗುತ್ತೆ.”

“ಹಂಗಾದ್ರೆ ನಾಳೆ ನಿಲ್ಸೋದೇ ಬ್ಯಾಡ ಅಂತೀರಾ?”

“ಹಂಗಂದ್ನಾ? ಖಾತ್ರಿ ಇದ್ರೆ ನಿಲ್ಸಿ.”

“ಖಾತ್ರಿ ಆಗಲಿ ಅಂತ ಕಾದ್ರೆ ಅಷ್ಟೊತ್ತಿಗೆ ಅದು ನೆಲಕ್ಕೆ ಬಿದ್ದಿರ್ತೈತೆ ಸಾರ್.”

ಸಂಗಮೇಶ್ ಜೀಪು ಹತ್ತಿದ.

ಮರುದಿನ ಗಾಳಿ ಬೆಳಿಗ್ಗೆಯಿಂದಲೇ ಜೋರಾಗಿತ್ತು. ಪಡುವಣದಿಂದ ಬೀಸಿ ಹುಲ್ಲನ್ನು ಒಂದೇ ಕಡೆಗೆ ಬಾಚುತ್ತಿತ್ತು. ಮಂಜಮ್ಮ ಸೆರಗನ್ನು ತಲೆಗೆ ಸುತ್ತಿ ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ಒಂಬತ್ತರ ಹೊತ್ತಿಗೆ ಜಗದಾಂಬ ಕಂಬಗಳನ್ನು ನೋಡಲು ಬಂದರು. ಐವತ್ತೈದರ ಆಸುಪಾಸಿನ ಸಣಕಲು ಹೆಂಗಸು, ಕಾಟನ್ ಸೀರೆ, ಕಾಲಿಗೆ ಬೂಟು.

“ಇಲ್ಲಿ ನಿಂತು ಏನು ನೋಡ್ತೀಯಮ್ಮ?”

“ಇರೋದನ್ನೆಲ್ಲ ನೋಡ್ತೀನಿ ಮೇಡಂ.”

“ನಮ್ಮ ಕ್ಯಾಮೆರಾಗೆ ಕಾಣದೆ ಇರೋದು ನಿನಗೆ ಏನು ಕಾಣುತ್ತೆ?”

“ಅದಕ್ಕೆ ಏನು ಕಾಣ್ತೈತೋ ನಂಗೊತ್ತಿಲ್ಲ. ನಂಗೆ ಕಂಡಿದ್ದು ಹೇಳ್ತೀನಿ.”

ಜಗದಾಂಬ ಹುಬ್ಬೇರಿಸಿ, ಸಂಗಮೇಶನ ಕಡೆ ನೋಡಿ, ಹೊರಟುಹೋದರು.

ಹತ್ತೂವರೆಗೆ ಆಳಿಲ್ಲದ್ದು ಮೇಲೆದ್ದಿತು. ಇನ್ನೂರು ಮೀಟರ್ ಎತ್ತರಕ್ಕೆ ಏರಿ, ತೆಂಕಣದಿಂದ ಬಡಗಣಕ್ಕೆ ಎರಡು ಸಲ ನೇರವಾಗಿ ಹೋಗಿಬಂತು. ಮೂರನೆಯ ಸಲ ಎದುರಿಗೆ ಪೈಲಟ್ ಇರುವ ಸಣ್ಣ ವಿಮಾನ ಬರಬೇಕು. ಸುರಕ್ಷತೆಗೆಂದು ಅದು ಇದಕ್ಕಿಂತ ನೂರು ಮೀಟರ್ ಮೇಲೆಯೇ ಹಾರುತ್ತದೆ. ಆದರೆ ಆಳಿಲ್ಲದ್ದಕ್ಕೆ ಆ ಲೆಕ್ಕ ಹೇಳಿಲ್ಲ. ಅದು ಎದುರಿನದನ್ನು ಕಂಡು ತಾನಾಗಿ ಬಲಕ್ಕೆ ಹೊರಳಬೇಕು.

ಮಂಜಮ್ಮನಿಗೆ ಒಂದೇ ಕಡೆ ನೋಡುತ್ತ ನಿಲ್ಲುವ ಅಭ್ಯಾಸವಿರಲಿಲ್ಲ. ಚಿಕ್ಕಂದಿನಲ್ಲಿ ಸಜ್ಜೆ ಹೊಲ ಕಾಯುವಾಗ ಕಲಿತಿದ್ದು ಅದು: ಹಕ್ಕಿ ಯಾವಾಗಲೂ ಬೆನ್ನ ಹಿಂದಿನಿಂದ ಬರುತ್ತದೆ. ಅವಳು ಮೈಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿದಳು. ಆಗ ಪೂರ್ವಕ್ಕೆ, ತಂಡದವರು ನೆಟ್ಟ ಗಡಿಕಲ್ಲಿನಿಂದ ಬಹಳ ಆಚೆ, ಎತ್ತರದಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಬೆಳಗಿನಿಂದ ಎದುರು ಬಿಸಿಲಿಗೆ ಆ ದಿಕ್ಕು ಸರಿಯಾಗಿ ಕಂಡಿರಲಿಲ್ಲ; ನಿನ್ನೆಯಂತೂ ಅದು ಇರಲಿಲ್ಲ.

ವಾಕಿಟಾಕಿ ಒತ್ತಿದಳು. “ಐಶ್ವರ್ಯಮ್ಮ, ಮೂಡ್ಲಾಗೆ ಏನೋ ಐತೆ. ನಿಮ್ಮ ಪರದೆಗೆ ಬಂದೈತಾ?”

“ಬಂದಿದೆ ಮಂಜಕ್ಕ. ಹದ್ದು ಅಂತ ತೋರಿಸ್ತಿದೆ. ದಾರಿಯಿಂದ ಒಂದು ಕಿಲೋಮೀಟರಿಗಿಂತ ದೂರ ಇದೆ. ತೊಂದರೆ ಇಲ್ಲ.”

ಮಂಜಮ್ಮ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದಳು. ಇಂಥ ಗಾಳಿಯಲ್ಲಿ ಹದ್ದು ಸುತ್ತು ಹಾಕುತ್ತದೆ, ಇಲ್ಲವೇ ಗಾಳಿಯ ಜೊತೆ ಜಾರಿಹೋಗುತ್ತದೆ. ಇದು ಎರಡೂ ಮಾಡುತ್ತಿರಲಿಲ್ಲ. ನಿಂತಲ್ಲೇ ನಿಂತು ತಲೆ ಅಲ್ಲಾಡಿಸುತ್ತಿತ್ತು. ಕೆಳಗೆ ಕೂದಲೆಳೆಯಂತೆ ಏನೋ ಜೋಲಾಡುತ್ತಿತ್ತು. ಬಾಲಂಗೋಚಿ. ಅದು ಪಟ.

ಪಟವೇನೋ ದೂರವೇ ಇತ್ತು. ಆದರೆ ಪಟ ತಾನಾಗಿ ನಿಲ್ಲುವುದಿಲ್ಲ, ಅದನ್ನು ಯಾರೋ ಎಲ್ಲಿಗೋ ಕಟ್ಟಿರಬೇಕು. ಗಾಳಿ ಪಡುವಣದ್ದು. ಪಟ ಗಾಳಿಯ ಜೊತೆ ಮೂಡಣಕ್ಕೆ ಹೋಗಿದೆ ಎಂದರೆ ಗೂಟ ಇರುವುದು ಈಚೆಗೆ, ತನಗೂ ಪಟಕ್ಕೂ ನಡುವೆ. ಅಲ್ಲಿಂದ ಹುರಿ ಓರೆಯಾಗಿ ಮೇಲಕ್ಕೆ ಏರಿರುತ್ತದೆ. ಬಡಗಣಕ್ಕೆ ಹೋಗುವ ವಿಮಾನ ಬಲಕ್ಕೆ ಹೊರಳಿದರೆ ಬರುವುದು ಎಲ್ಲಿಗೆ? ಮೂಡಣಕ್ಕೆ. ಇಲ್ಲಿಗೇ.

ಬಡಗಣದಿಂದ ಸಣ್ಣ ವಿಮಾನದ ಸದ್ದು ಕೇಳಿಸಿತು. ತೆಂಕಣದಲ್ಲಿ ಆಳಿಲ್ಲದ್ದು ಆಗಲೇ ತಿರುಗಿ ನೇರವಾಗಿತ್ತು. ಮೂರನೇ ಸಲ. ಅವಳಿಗೆ ಹುರಿ ಕಂಡಿರಲಿಲ್ಲ. ಖಾತ್ರಿ ಎಂದು ಹೇಳಲು ಕೈಯಲ್ಲಿ ಏನೂ ಇರಲಿಲ್ಲ. ಮಗಳ ಮುಖ ಒಮ್ಮೆ ಕಣ್ಣೆದುರು ಬಂತು. ಅದನ್ನು ಪಕ್ಕಕ್ಕೆ ಸರಿಸಿ ಗುಂಡಿ ಒತ್ತಿದಳು.

“ಮೂರನೇ ಕಂಬ. ನಿಲ್ಸಿ.”

ಒಂದು ಉಸಿರಿನಷ್ಟು ಹೊತ್ತು ಗಾಳಿಯ ಮೊರೆತ ಮಾತ್ರ. ಆಮೇಲೆ ಸಂಗಮೇಶನ ಧ್ವನಿ, ಏರಿಳಿತವಿಲ್ಲದೆ: “ಮೂರನೇ ಕಂಬ ನಿಲ್ಲಿಸಿದೆ. ವಾಪಸ್ ತರ್ತಿದೀನಿ.”

ಆಳಿಲ್ಲದ್ದು ಎಡಕ್ಕೆ ವಾಲಿ ಓಡುದಾರಿಯ ಕಡೆ ಇಳಿಯಿತು. ಸಣ್ಣ ವಿಮಾನ ಕಾವಲನ್ನು ನೇರವಾಗಿ ದಾಟಿ ಮರೆಯಾಯಿತು.

ಹತ್ತು ನಿಮಿಷದಲ್ಲಿ ಜೀಪು ಧೂಳೆಬ್ಬಿಸಿಕೊಂಡು ಬಂತು. ಮೊದಲು ಇಳಿದವರು ಜಗದಾಂಬ. ಹಿಂದೆ ಲ್ಯಾಪ್‌ಟಾಪ್ ಅವುಚಿಕೊಂಡ ಐಶ್ವರ್ಯ. ಸಂಗಮೇಶ್ ಕೊನೆಗೆ ಇಳಿದ. ಅವನ ಮುಖ ನೋಡಿದರೆ ಮನೆಯಲ್ಲಿ ಯಾರೋ ತೀರಿಕೊಂಡಂತಿತ್ತು.

“ಈಗ ಕೇಳಬಹುದಲ್ಲ? ಯಾಕೆ ನಿಲ್ಲಿಸಿದೆ?” ಎಂದರು ಜಗದಾಂಬ.

“ಅದು ಹದ್ದಲ್ಲ ಮೇಡಂ, ಗಾಳಿಪಟ.”

ಜಗದಾಂಬ ಬೈನಾಕ್ಯುಲರ್ ಎತ್ತಿ ಬಹಳ ಹೊತ್ತು ನೋಡಿದರು. “ಹೌದು, ಪಟ. ಇದ್ದರೇನಂತೆ? ಪಟ ಅಲ್ಲಿದೆ. ನಮ್ಮ ದಾರಿ ಎಷ್ಟೋ ಈಚೆಗಿದೆ.”

“ಪಟ ಅಲ್ಲೈತೆ ಮೇಡಂ. ಹುರಿ ಇಲ್ಲೈತೆ.”

“ಎಲ್ಲಿ? ತೋರಿಸು.”

“ತೋರ್ಸಾಕಾಗಲ್ಲ. ಹುಡುಕ್ಬೇಕು. ಬರ್ರಿ.”

ಗಡಿಕಲ್ಲು ದಾಟಿ ನಾಲ್ವರೂ ಹುಲ್ಲಿನಲ್ಲಿ ನಡೆದರು. ಕಣ್ಣಿಗೆ ಏನೂ ಕಾಣಲಿಲ್ಲ. ಸಂಗಮೇಶ್ ಎರಡು ಸಲ ಗಡಿಯಾರ ನೋಡಿಕೊಂಡ. ಮಂಜಮ್ಮ ನಿಂತು ಸೆರಗನ್ನು ಕಿವಿಯಿಂದ ಬಿಡಿಸಿಕೊಂಡಳು. ಗಾಳಿಯ ಸದ್ದಿನೊಳಗೆ ಇನ್ನೊಂದು ಸದ್ದು, ಜೇನುಹುಳದಂತೆ ಸಣ್ಣಗೆ, ಬಿಡದೆ.

“ಕೇಳಿಸ್ತಾ? ಬಿಗಿಯಾಗಿರೋ ಹುರಿ ಹಂಗೇ ಹಾಡ್ತೈತೆ.”

ಸದ್ದು ಬಂದತ್ತ ನಡೆದರೆ ಒಂದು ಜಾಲಿ ಗಿಡ. ಅದರ ಬುಡದಲ್ಲಿ ಮೊಳದುದ್ದದ ಗೂಟ, ಗೂಟದಿಂದ ಮೇಲಕ್ಕೆ ಬೆಳಕಿನ ಗೆರೆಯಂಥ ಎಳೆ. ನೆರಳಿನಲ್ಲಿ ಒಬ್ಬ ಗಂಡಸು ಮುಖದ ಮೇಲೆ ಟವೆಲ್ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ.

“ಏಯ್ ಹೊನ್ನೂರಪ್ಪ, ಏಳು ಮ್ಯಾಕೆ!” ಮಂಜಮ್ಮ ಅವನ ಕಾಲನ್ನು ತಟ್ಟಿದಳು.

ಹೊನ್ನೂರಸ್ವಾಮಿ ಅವಳ ಪಕ್ಕದ ಓಣಿಯವನು. ಮೊಳಕಾಲ್ಮೂರಿನಲ್ಲಿ ಕೂಲಿ ಮಗ್ಗ ನೇಯುತ್ತಾನೆ. ಆಷಾಢದಲ್ಲಿ ಮದುವೆ ಇಲ್ಲ, ರೇಷ್ಮೆ ಸೀರೆಗೆ ಬೇಡಿಕೆ ಇಲ್ಲ, ಮಗ್ಗ ಮಂದ. ಅದಕ್ಕೇ ಊರಿಗೆ ಬಂದಿದ್ದ.

“ಏಮಿ ಅಕ್ಕಾ?” ಎಂದು ಮನೆಮಾತು ತೆಲುಗಿನಲ್ಲಿ ಕೇಳುತ್ತ ಎದ್ದವನು ಬೂಟುಗಳನ್ನೂ ಸೀರೆಯನ್ನೂ ನೋಡಿ ಟವೆಲ್ ಹೆಗಲಿಗೆ ಹಾಕಿಕೊಂಡ. “ನಮಸ್ಕಾರ ರೀ.”

“ಡಂಗುರ ಸಾರಿದ್ದು ಕೇಳಿಸ್ಲಿಲ್ವೇನ್ರಿ?” ಸಂಗಮೇಶ್ ಹಲ್ಲು ಕಚ್ಚಿಕೊಂಡೇ ಕೇಳಿದ.

“ಕೇಳಿಸ್ತು ಸಾರ್, ಚೆನ್ನಾಗೇ ಕೇಳಿಸ್ತು. ಕಲ್ಲಿನ ಒಳಗೆ ಪಟ ಬಿಡಂಗಿಲ್ಲ ಅಂದ್ರು. ಅದಕ್ಕೇ ಕಲ್ಲಿಂದ ನೂರು ಹೆಜ್ಜೆ ಎಣಿಸ್ಕೊಂಡು ಆಚಿಗೆ ಗೂಟ ಹೊಡ್ದಿದೀನಿ. ಪಟ ಇನ್ನೂ ಆಚಿಗೈತೆ. ಅನುಮಾನ ಇದ್ರೆ ನೀವೇ ಎಣಿಸ್ರಿ.”

ಅವನ ಮುಖದಲ್ಲಿ, ಹೇಳಿದ್ದಕ್ಕಿಂತ ಹೆಚ್ಚೇ ಪಾಲಿಸಿದ್ದೇನೆ ಎಂಬ ತೃಪ್ತಿ. ಸಂಗಮೇಶ್ ಬಗ್ಗಿ ಎಳೆಯನ್ನು ಬೆರಳಿಗೆ ಸುತ್ತಿ ಎಳೆದ. ಅದು ಕಡಿಯಲಿಲ್ಲ. ಬೆರಳಿನ ಮೇಲೆ ಕೆಂಪು ಗೆರೆ ಮೂಡಿತು.

“ಕಡಿಯಲ್ಲ ಸಾರ್. ಮಗ್ಗದಾಗೆ ಉಳಿದ ರೇಷ್ಮೆ, ಮೂರೆಳೆ ಹೊಸೆದಿದೀನಿ. ಎಳ್ಳೆಣ್ಣೆ ಬ್ಯಾರೆ ಸವರಿದೀನಿ.”

ಜಗದಾಂಬ ಐಶ್ವರ್ಯಳ ಕಡೆ ತಿರುಗಿದರು. “ಬಲಕ್ಕೆ ಹೊರಳಿದರೆ ಎಲ್ಲಿವರೆಗೆ ಬರ್ತಿತ್ತು?”

ಐಶ್ವರ್ಯ ಲ್ಯಾಪ್‌ಟಾಪನ್ನು ಮೊಣಕಾಲ ಮೇಲಿಟ್ಟು ಕೂತಳು. ಉತ್ತರ ಬರಲು ಬಹಳ ಹೊತ್ತು ಬೇಕಾಗಲಿಲ್ಲ. “ಗಡಿಕಲ್ಲಿನಿಂದ ಮುನ್ನೂರು ಮೀಟರ್ ಆಚೆವರೆಗೆ, ಮೇಡಂ. ಆ ಎತ್ತರದಲ್ಲಿ ಈ ದಾರ… ಸರಿಯಾಗಿ ಅಡ್ಡ ಸಿಗ್ತಿತ್ತು. ಎಂಜಿನ್ನಿಗೆ ಸುತ್ತಿಕೊಂಡಿದ್ದರೆ ವಿಮಾನ ಇಲ್ಲೇ ಬೀಳ್ತಿತ್ತು.”

ಹೊನ್ನೂರಸ್ವಾಮಿ ತಾನು ಮಲಗಿದ್ದ ಜಾಗವನ್ನು ನೋಡಿದ. ಆಮೇಲೆ ಆಕಾಶ ನೋಡಿದ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ.

ಸಂಗಮೇಶ್ ಗೂಟದ ಪಕ್ಕ ಕುಕ್ಕರಗಾಲಿನಲ್ಲಿ ಕೂತೇ ಇದ್ದ. “ದಾರಿ ಅಳೆದು ಗಡಿ ಹಾಕಿದೆ” ಎಂದ, ಯಾರಿಗೆ ಎಂದಿಲ್ಲದೆ. “ದಾರಿ ಬಿಡೋದಕ್ಕೂ ಜಾಗ ಬೇಕಲ್ಲ, ಅದನ್ನ ಅಳೀಲೇ ಇಲ್ಲ. ಮೂರು ತಿಂಗಳಿಂದ ದಾರಿ ಬಿಡೋದನ್ನೇ ಕಲಿಸ್ತಿದೀನಿ.”

“ಪಟ ಇಳಿಸಪ್ಪ. ನಾಳೆ ಬೆಳಿಗ್ಗೆ ಇನ್ನೊಂದು ಸಲ ಹಾರಿಸ್ತೀವಿ” ಎಂದರು ಜಗದಾಂಬ.

“ಅದೊಂದು ಆಗಲ್ಲ ರೀ” ಎಂದ ಹೊನ್ನೂರಸ್ವಾಮಿ. “ನಮ್ಮ ಭಾವ ಅಜ್ಜಪ್ಪನ ಕೂಡ ಪಂದ್ಯ ಕಟ್ಟೀನಿ. ಮೂರು ಹಗಲು ಮೂರು ರಾತ್ರಿ ಪಟ ನೆಲ ಮುಟ್ಟಬಾರ್ದು. ಸೋತೋನು ಮೀಸೆ ಬೋಳಿಸ್ಕೋಬೇಕು. ಇನ್ನೂ ಒಂದೇ ರಾತ್ರಿ ಆಗೈತೆ.”

“ಮೀಸೆ ಮತ್ತೆ ಬರುತ್ತೆ ಕಣಯ್ಯಾ!” ಎಂದು ಸಂಗಮೇಶ್ ಎದ್ದ.

“ನಿಮ್ಮದು ಬರ್ತೈತೆ ಸಾರ್. ನನ್ನದು ಈ ಅಳತೆಗೆ ಬರಾಕೆ ಆರು ವರ್ಸ ಹಿಡಿದೈತೆ.”

ಐಶ್ವರ್ಯ ಬಾಯಿಗೆ ಕೈ ಅಡ್ಡ ಹಿಡಿದಳು. ಜಗದಾಂಬ ನಗಲಿಲ್ಲ. ಮಂಜಮ್ಮನ ಕಡೆ ನೋಡಿದರು. “ನೀನಾದರೂ ಹೇಳಮ್ಮ ಇವನಿಗೆ.”

“ಇಳಿಸೋದು ಬ್ಯಾಡ ಮೇಡಂ.”

“ಏನು?”

“ಇವನದ್ದು ಇಳಿಸಿದ್ರೆ ನಾಳೆ ಇನ್ನೊಬ್ಬ ಬಿಡ್ತಾನೆ. ಆಷಾಢ ಮುಗಿಯೋಗಂಟ ಈ ಸೀಮೆಲಿ ಪಟ ನಿಲ್ಲಲ್ಲ. ಎಷ್ಟು ಮೀಸೆ ಅಂತ ಬೋಳಿಸ್ತೀರಿ? ಪಟಕ್ಕೆ ಹೊರಳಾಕೆ ಬರಲ್ಲ, ಅದನ್ನ ಕಟ್ಟಿಹಾಕೈತೆ. ನಿಮ್ಮದಕ್ಕೆ ಬರ್ತೈತೆ. ಹೊರಳಾಕೆ ಬರೋದೇ ಜಾಗ ಬಿಡಬೇಕು. ನಿಮ್ಮ ದಾರಿನೇ ಪಡುವಲಾಗೆ ಸರಿಸ್ಕೊಳ್ರಿ. ಅತ್ಲಾಗೆ ಬರೀ ಹುಲ್ಲು.”

ಜಗದಾಂಬ ತಿರುಗಿ ಪಡುವಣದ ಕಡೆ ನೋಡಿದರು. ಗಾಳಿ ಅವರ ಸೆರಗನ್ನು ಬಡಿಯುತ್ತಿತ್ತು.

“ಸಂಗಮೇಶ್, ಸರಿಸೋಕೆ ಆಗುತ್ತಾ?”

“ಆಗುತ್ತೆ ಮೇಡಂ. ಒಂದು ಕಿಲೋಮೀಟರ್ ಪಶ್ಚಿಮಕ್ಕೆ. ಸಂಜೆ ಒಳಗೆ ದಾರಿನೂ ಅಳೀತೀನಿ, ಬಿಡೋ ಜಾಗನೂ ಅಳೀತೀನಿ. ಎಡ, ಬಲ ಎರಡೂ.”

“ಮಾಡಿ.” ಅವರು ಮತ್ತೆ ಮಂಜಮ್ಮನ ಕಡೆ ತಿರುಗಿದರು. “ಹಿಂದೆ ಎರಡು ಸಲ ನಿಲ್ಲಿಸಿದ್ದೆಯಲ್ಲ, ಅವು?”

ಸಂಗಮೇಶ್ ಏನೋ ಹೇಳಲು ಬಾಯಿ ತೆರೆದ. ಮಂಜಮ್ಮ ತಾನೇ ಹೇಳಿದಳು. “ಮೊದಲ್ನೇದು ಸುಂಟರಗಾಳಿ. ಅದನ್ನ ನಿಲ್ಸಿದ್ದು ಸರಿ ಅಂತ ಈಗಲೂ ಅಂತೀನಿ, ವರದೀಲಿ ಏನಾದ್ರೂ ಬರ್ಕೊಳ್ರಿ. ಎರಡ್ನೇದು ಕೊಕ್ಕರೆ. ಅದು ನನ್ನ ತಪ್ಪು. ಅವು ತಾವೇ ಹೊರಳ್ಕಂತಾವೆ ಅಂತ ಆಮೇಲೆ ನೋಡಿ ತಿಳ್ಕೊಂಡೆ.”

“ಮೂರರಲ್ಲಿ ಒಂದು ತಪ್ಪು.”

“ಹೂಂ ಮೇಡಂ. ನಿಮ್ಮ ಪರದೆ ಪಟನ ಹದ್ದು ಅಂತ ತೋರಿಸ್ತಲ್ಲ, ಅದು ಎಷ್ಟರಲ್ಲಿ ಎಷ್ಟು?”

ಐಶ್ವರ್ಯ ನೆಲ ನೋಡಿದಳು. ಜಗದಾಂಬ ಮೊದಲ ಸಲ ನಕ್ಕರು, ಸದ್ದಿಲ್ಲದೆ, ಭುಜ ಮಾತ್ರ ಕುಣಿಯಿತು. ಜೀಪಿನ ಕಡೆ ನಡೆಯುತ್ತ ಸಂಗಮೇಶನಿಗೆ ಹೇಳಿದರು: “ನನ್ನ ಪತ್ರ ಹರಿದುಹಾಕಿ. ಕಂಬ ಇರಲಿ. ಇನ್ನೊಂದು ನಿಯಮ ಸೇರಿಸಿ. ಇಷ್ಟು ದಿನ ನಿಲ್ಲಿಸೋಕೆ ಮಾತ್ರ ಇವರನ್ನ ಕೇಳ್ತಿದ್ರಿ. ನಾಳೆಯಿಂದ ಹೊರಡಿಸೋಕೂ ಕೇಳಿ. ನಾಲ್ಕು ಕಂಬನೂ ಬಿಡಿ ಅನ್ನೋವರೆಗೆ ಎಂಜಿನ್ ಎಷ್ಟು ಕೂಗಿದರೂ ಚಕ್ರ ಉರುಳಬಾರದು. ಯಂತ್ರಕ್ಕೆ ಪಟ ಯಾವುದು, ಹದ್ದು ಯಾವುದು ಅಂತ ಗೊತ್ತಾಗೋ ದಿನ ಇವರನ್ನ ತೆಗೆಯೋ ಮಾತಾಡೋಣ.”

ಸಂಗಮೇಶ್ ಜೀಪಿನ ಬಾಗಿಲು ಹಿಡಿದು ಮಂಜಮ್ಮನ ಕಡೆ ತಿರುಗಿದ. “ಖಾತ್ರಿ ಇದ್ರೆ ನಿಲ್ಸಿ ಅಂದಿದ್ನಲ್ಲ, ಅದನ್ನ ಮರೆತುಬಿಡಿ ಮಂಜಮ್ಮ.”

“ಆವಾಗ್ಲೇ ಮರ್ತಿದ್ದೆ ಸಾರ್” ಎಂದಳು ಅವಳು.

ಮರುದಿನ ಬೆಳಿಗ್ಗೆ ಗಾಳಿ ಇನ್ನಷ್ಟು ಬಲವಾಗಿತ್ತು. ಹೊಸ ದಾರಿಗೆ ಹೊಸ ಗಡಿ. ಮೂರನೇ ಕಂಬವನ್ನು ಕಿತ್ತು ಅರ್ಧ ಮೈಲಿ ಈಚೆಗೆ ನೆಟ್ಟಿದ್ದರು. ಪಟ ಮೂಡಣದಲ್ಲಿ ಹಾಗೇ ನಿಂತಿತ್ತು. ಓಡುದಾರಿಯ ತುದಿಯಲ್ಲಿ ಎಂಜಿನ್ ಗುರುಗುಡುತ್ತಿತ್ತು. ಸಣ್ಣ ವಿಮಾನ ಬಡಗಣದಲ್ಲಿ ಸುತ್ತು ಹಾಕುತ್ತ ಕಾಯುತ್ತಿತ್ತು.

“ಒಂದನೇ ಕಂಬ?” ಎಂದು ಸಂಗಮೇಶ್ ಕೇಳಿದ.

“ಬಿಡ್ರಿ.”

“ಎರಡು?”

“ಬಿಡ್ರಿ ಸಾರ್.”

“ಮೂರು?”

ಮಂಜಮ್ಮ ನಿಧಾನವಾಗಿ ಒಂದು ಸುತ್ತು ತಿರುಗಿದಳು. ಪಡುವಣದಲ್ಲಿ ಎರಡು ಹದ್ದು, ಎತ್ತರದಲ್ಲಿ, ಸುತ್ತುತ್ತಿದ್ದವು. ಅವು ನಿಜವಾಗಿ ಹದ್ದುಗಳೇ. ಬಡಗಣದಲ್ಲಿ ಕುರಿ ಮಂದೆಯ ಧೂಳು. ಅದು ನೆಲ ಬಿಟ್ಟು ಏಳುತ್ತದೆಯೇ ಎಂದು ಕಾದಳು. ಏಳಲಿಲ್ಲ. ಎಂಜಿನ್ ಗುರುಗುಡುತ್ತಲೇ ಇತ್ತು. ಡೇರೆಯಲ್ಲಿ ದೆಹಲಿಯವರು, ಬೆಂಗಳೂರಿನವರು ಎಲ್ಲ ಕಾಯುತ್ತಿದ್ದರು. ಸಂಗಮೇಶ್ ಎರಡನೇ ಸಲ ಕೇಳಲಿಲ್ಲ.

“ಮೂರನೇ ಕಂಬ” ಎಂದಳು ಅವಳು. “ಬಿಡ್ರಿ.”

ನಾಲ್ಕನೆಯ ಕಂಬವೂ ಹೂಂ ಎಂದಿತು. ಆಳಿಲ್ಲದ್ದು ಓಡಿ, ಮೇಲೆದ್ದು, ಬಡಗಣಕ್ಕೆ ಮೂತಿ ಮಾಡಿತು. ಎದುರಿನಿಂದ ಸಣ್ಣ ವಿಮಾನ ಬಂತು. ಎರಡೂ ಹತ್ತಿರವಾದವು, ಇನ್ನೂ ಹತ್ತಿರವಾದವು. ಇದ್ದಕ್ಕಿದ್ದಂತೆ ಆಳಿಲ್ಲದ್ದು ಬಲರೆಕ್ಕೆ ಬಾಗಿಸಿ ಅವಳ ಕಡೆಗೇ ಹೊರಳಿತು. ಹೊಟ್ಟೆಯ ಬಿಳಿ ಬಣ್ಣ ಬಿಸಿಲಿಗೆ ಹೊಳೆಯಿತು. ಅವಳ ತಲೆಯ ಹತ್ತಿರಕ್ಕೂ ಬಾರದೆ, ದೂರದಲ್ಲೇ ದುಂಡಗೆ ಸುತ್ತಿ, ತನ್ನ ದಾರಿಗೆ ವಾಪಸಾಯಿತು. ಪೈಲಟ್ ಇದ್ದ ವಿಮಾನ ಇತ್ತ ತಿರುಗಿಯೂ ನೋಡದಂತೆ ಸಾಗಿಹೋಯಿತು.

ವಾಕಿಟಾಕಿಯ ತುಂಬ ಡೇರೆಯ ಚಪ್ಪಾಳೆ. ಅದರ ನಡುವೆ ಸಂಗಮೇಶನ ದನಿ: “ಮೂರು, ನಿಮಗೆ ಏನು ಕಾಣಿಸ್ತು?”

“ಚೆನ್ನಾಗಿ ಹೊರಳ್ತು ಸಾರ್. ಜಾಗನೂ ಮಿಕ್ಕೈತೆ” ಎಂದಳು ಮಂಜಮ್ಮ. “ಒಂದ್ಸಲ ಮಾಡಿದ್ದು ಲೆಕ್ಕಕ್ಕಿಲ್ಲ. ಇನ್ನೊಂದ್ಸಲ ಬಿಡ್ರಿ, ನೋಡಾನ.”